ಕಾಕಾನ ಉಡದಾರ ಮತ್ತು ಎಲುಬುಚೀಟಿ

ಗದಗ, ಗಾಳಿಕೇರಿ
ಫೆಬ್ರುವರಿ ಮೂವತ್ತು, ೨೨೪೭

ಈ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಾವು ಎಲ್ಲ ತಿಂಗಳಿಗೂ ಮೂವತ್ತು ದಿನ ಕೊಟ್ಟು ಆ ಜಗಳ ಮುಗಿಸಿದ್ದೇವೆ. ಇನ್ನೂರು ವರ್ಷ ಹಿಂದಿರುವ ನಿಮಗೆ ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಶಾಲೆಗಿಂತ ಹೆಚ್ಚು ಓದಿದ್ದು ಕರಪತ್ರಗಳಲ್ಲಿ. ಅನುಮಾನಪಡಲು ಕಲಿತದ್ದೂ ಅಲ್ಲಿಯೇ.

ನಿಮ್ಮ ಕಾಲದಲ್ಲಿ ಎಲುಬಿನ ಸಾಂದ್ರತೆಯ ಸ್ಕ್ಯಾನನ್ನು ಡಾಕ್ಟರು ರೋಗಿಯ ಒಳಿತಿಗಾಗಿ ಬರೆದುಕೊಡುತ್ತಿದ್ದರಂತೆ. ನಮ್ಮಲ್ಲಿ ಅದನ್ನು ಬರೆಯುವುದು ಗಾಳಿಮಂಡಳಿ. ಗುಡ್ಡದ ಮೇಲಿನ ಗಾಳಿಕಂಬಗಳಿಂದಲೇ ನಮ್ಮ ದೀಪ, ನೀರು, ಗಿರಣಿ ಎಲ್ಲ ನಡೆಯುತ್ತವೆ. ಅವುಗಳನ್ನು ಹತ್ತಿ ರಿಪೇರಿ ಮಾಡುವವರು ಏರಾಳುಗಳು. ಐವತ್ತು ದಾಟಿದ ಏರಾಳು ವರ್ಷಕ್ಕೊಮ್ಮೆ ಎಲುಬುಚೀಟಿ ಪಡೆಯಬೇಕು. ಯಂತ್ರವು ಅವನ ಬೆನ್ನೆಲುಬನ್ನು ಹರೆಯದವರ ಎಲುಬಿಗೆ ಹೋಲಿಸಿ ಅಂಕ ಕೊಡುತ್ತದೆ. ಸೊನ್ನೆಗಿಂತ ಎರಡೂವರೆ ಕೆಳಗಿಳಿದರೆ ಏಣಿ ಬಂದ್. ಆಮೇಲೆ ಅವನು ಕೂರುಮನೆಯಲ್ಲಿ ಕುಳಿತು ಹಳೆಯ ತಿರುಪುಗಳ ತುಕ್ಕು ಉಜ್ಜಬೇಕು. ಯಾವ ಹರೆಯದವರ ಎಲುಬು, ಅಳೆದವರು ಯಾರು ಎಂದು ನಾನು ಮೂರು ಅರ್ಜಿ ಬರೆದೆ. ಉತ್ತರ ಬರಲಿಲ್ಲ.

ನನ್ನನ್ನು ಸಾಕಿದ ಫಕ್ಕೀರಪ್ಪ ಕಾಕಾನಿಗೆ ಅರವತ್ತೆರಡು ವರ್ಷ. ಕೂರುಮನೆ ಸೇರಿದ ಗೆಳೆಯರು ಆರು ತಿಂಗಳಲ್ಲಿ ಮಾತು ಬಿಟ್ಟದ್ದನ್ನು ಅವನು ನೋಡಿದ್ದ. ಈ ಸಲದ ತಪಾಸಣೆಗೆ ವಾರವಿರುವಾಗ ಸೂಚನೆಯ ಹಾಳೆ ಬಂತು: ಹಿಂದಿನ ದಿನದಿಂದ ಕ್ಯಾಲ್ಸಿಯಂ ಗುಳಿಗೆ ನುಂಗಬಾರದು, ಮೈಮೇಲೆ ಲೋಹವಿರಬಾರದು, ಗುಂಡಿಯಿಲ್ಲದ ಸಡಿಲ ಬಟ್ಟೆ ತೊಡಬೇಕು. ನನಗೆ ಒಂದೊಂದು ಸಾಲೂ ಮೋಸವೆನಿಸಿತು. ವರ್ಷವಿಡೀ ನುಂಗು ಎನ್ನುವ ಗುಳಿಗೆಯನ್ನು ಅಳೆಯುವ ದಿನವೇ ಏಕೆ ನಿಲ್ಲಿಸಬೇಕು? ಅಂಕ ಇಳಿಸಿ ಮುದುಕರನ್ನು ಹೊರಹಾಕುವ ಹುನ್ನಾರ ಇದೆಂದು ನನ್ನ ಬಳಿಯಿದ್ದ ಕರಪತ್ರವೂ ಹೇಳುತ್ತಿತ್ತು.

ತಪಾಸಣೆಯ ದಿನ ಬೆಳಿಗ್ಗೆ ಕಾಕಾನಿಗೆ ನಾನೇ ಎರಡು ಗುಳಿಗೆ ನುಂಗಿಸಿದೆ. ಸೊಂಟದ ಬೆಳ್ಳಿಯ ಉಡದಾರದ ಮಾತು ಬಂದಾಗ ಅವನು ನಕ್ಕ. "ಉಡದಾರ ಹರಿಯೂದು ಹೆಣಾ ಆದ ಮ್ಯಾಲೆ. ನಾ ಇನ್ನೂ ಚಹಾ ಕುಡ್ಯಾಕತ್ತೀನವಾ."

"ಇರಲಿ ಬಿಡು ಕಾಕಾ, ಅಂಗಿ ಕೆಳಗ ಯಾರ್ ನೋಡ್ತಾರ" ಎಂದೆ.

ತಪಾಸಣೆಯಲ್ಲಿ ಸೂಜಿಯಿಲ್ಲ, ನೋವಿಲ್ಲ. ಕಾಕಾನನ್ನು ಚಪ್ಪಟೆ ಮೇಜಿನ ಮೇಲೆ ಅಂಗಾತ ಮಲಗಿಸಿ, ಮೊಣಕಾಲಿನ ಕೆಳಗಿನ ಭಾಗವನ್ನು ಒಂದು ಮೆತ್ತನೆಯ ದಿಮ್ಮಿಯ ಮೇಲಿಟ್ಟರು. ಯಂತ್ರದ ತೋಳು ಅವನ ಸೊಂಟದ ಮೇಲೆ ನಿಧಾನವಾಗಿ ಹಾದುಹೋಯಿತು. ಅಲುಗಬಾರದೆಂಬುದೊಂದೇ ಷರತ್ತು. ಹತ್ತು ನಿಮಿಷದಲ್ಲಿ ಮುಗಿಯಿತು. ಯಂತ್ರ ನಡೆಸುವ ಸಿದ್ರಾಮ ಪರದೆ ನೋಡಿ, "ಏನ್ ಕಾಕಾ, ಎಲುಬಿನಾಗ ಕಬ್ಬಿಣ ಹೊಯ್ಸಿಕೊಂಡೀರೇನು?" ಎಂದ.

"ಜ್ವಾಳದ ರೊಟ್ಟಿ ತಮ್ಮಾ, ಜ್ವಾಳದ ರೊಟ್ಟಿ" ಎಂದ ಕಾಕಾ.

ಚೀಟಿ ಸಿಕ್ಕಿತು. ಮಂಡಳಿಯನ್ನು ಗೆದ್ದೆನೆಂದು ನಾನು ಕೇರಿಗೆಲ್ಲ ಸಾರಿದೆ.

ಹನ್ನೆರಡನೆಯ ದಿನ ಕಾಕಾ ಏಣಿಯ ಎರಡನೆಯ ಮೆಟ್ಟಿಲಿನಿಂದ ನೆಲಕ್ಕೆ ಜಿಗಿದ. ಎರಡನೆಯದರಿಂದ, ಅಷ್ಟೇ. ಬೆನ್ನೆಲುಬಿನ ಒಂದು ಮಣಿ ಹಪ್ಪಳದಂತೆ ಕುಸಿಯಿತು.

ಆಸ್ಪತ್ರೆಯಲ್ಲಿ ಆ ತಪಾಸಣೆಯ ಚಿತ್ರ ತರಿಸಿದರು. ಬೆನ್ನೆಲುಬಿಗೆ ಅಡ್ಡಲಾಗಿ, ಸೊಂಟದ ನೇರಕ್ಕೆ, ಬೆಳ್ಳಗೆ ಹೊಳೆಯುವ ಒಂದು ಗೆರೆಯಿತ್ತು. ಯಂತ್ರವು ಬೆಳ್ಳಿಯನ್ನೂ ಎಲುಬೆಂದೇ ಲೆಕ್ಕ ಹಿಡಿದಿತ್ತು. ಹೊಟ್ಟೆಯಲ್ಲಿ ಕರಗದೆ ಉಳಿದ ಗುಳಿಗೆಯೂ ತನ್ನ ಪಾಲು ಸೇರಿಸಿತ್ತು. ಅದಕ್ಕೇ ಆ ಸೂಚನೆ. ಅಷ್ಟು ಸರಳವಾದ ಕಾರಣ.

ಆದರೆ ಆ ಗೆರೆ ನನಗೇ ಕಾಣುವಷ್ಟು ನಿಚ್ಚಳವಾಗಿತ್ತು. ನಾನು ಸಿದ್ರಾಮನ ಮುಂದೆ ಹೋಗಿ ನಿಂತೆ. ಅವನು ತಲೆಯೆತ್ತಲಿಲ್ಲ. "ಈ ವರ್ಷ ಏರಾವರು ಕಡಿಮಿ ಬಿದ್ದಾರ, ಪಾಸ್ ಮಾಡ್ ಅಂದ್ರು ಮ್ಯಾಲಿನವರು. ನಿಮಗೂ ಅದಽ ಬೇಕಾಗಿತ್ತಲ್ಲ ಅಕ್ಕಾ."

ನನ್ನ ಅನುಮಾನ ಸುಳ್ಳಾಗಲಿಲ್ಲ. ತಪ್ಪು ಕಡೆ ಕಾವಲು ನಿಂತಿತ್ತು. ಮುದುಕರನ್ನು ಇಳಿಸುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಏರಿಸುತ್ತಿದ್ದರು.

ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ಆ ಸ್ಕ್ಯಾನು ಇನ್ನೂ ನಿಮ್ಮ ಕೈಯಲ್ಲಿದೆ, ರೋಗಿ ಮತ್ತು ಡಾಕ್ಟರ ನಡುವಿನ ಮಾತಾಗಿದೆ. ಅದನ್ನು ಕೆಲಸದ ಚೀಟಿಯಾಗಲು ಬಿಡಬೇಡಿ. ಅನುಮಾನವಿದ್ದರೆ ಸೂಚನೆಯನ್ನು ಮುರಿಯಬೇಡಿ, ಕಾರಣ ಕೇಳಿ. ಅಂಕವನ್ನಷ್ಟೇ ಹಿಡಿದು ಮನೆಗೆ ಹೋಗಬೇಡಿ, ಚಿತ್ರ ತೋರಿಸೆನ್ನಿ.

ನಾಳೆ ಕಾಕಾನಿಗೆ ಎರಡನೆಯ ತಪಾಸಣೆ. ಇಂದು ಮಧ್ಯಾಹ್ನ ಅವನೇ ಅಂಗಿ ಎತ್ತಿ, "ಕತ್ತರಿ ತಾರವಾ" ಎಂದ. ಬೆಳ್ಳಿ ಗಟ್ಟಿಯಿತ್ತು, ಮೂರು ಸಲ ಹಿಚುಕಬೇಕಾಯಿತು. ಕಾಕಾ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ಕತ್ತರಿಸಿ ಆದ ಮೇಲೆ ಚಹಾ ಕೇಳಿದ.

ಈ ಪತ್ರವನ್ನು ಸುತ್ತಿ ಕಟ್ಟಿರುವುದು ಆ ಉಡದಾರದಿಂದಲೇ. ಬಿಚ್ಚಿ ಓದಿ.

ಶರಣವ್ವ