ಎಲ್ಸಿರ ಬಣ್ಣ

ವಿಕೂನ್ಯ,
ನವೆಂಬರ್ ಹದಿನೇಳು, ಸೋಮವಾರ

ಪ್ರೀತಿಯ ನಿನೋಸ್ಕ ಕೂಸೇ,

ಹೇಗಿದ್ದೀಯ? ಕೊನ್ಸೆಪ್ಸಿಯೋನ್‌ನಲ್ಲಿ ಇನ್ನೂ ಮಳೆ ಬಿಟ್ಟಿಲ್ಲವೆಂದು ರೇಡಿಯೋದವನು ಹೇಳಿದ. ನಿನ್ನ ಕೆಮ್ಮು ಹೋಯಿತೋ ಇಲ್ಲವೋ? ಜೇನುತುಪ್ಪ ಕಳಿಸಿದ್ದೆನಲ್ಲ, ಅದನ್ನು ನಿನ್ನ ವಿಶ್ವವಿದ್ಯಾಲಯದ ಒಣಕಲು ಗೆಳೆಯರು ಬ್ರೆಡ್ಡಿಗೆ ಸವರಿ ಮುಗಿಸಿರುತ್ತಾರೆ, ನನಗೆ ಗೊತ್ತಿಲ್ಲವೇ. ನಾನು ಕಲ್ಲುಗುಂಡಿನ ಹಾಗಿದ್ದೇನೆ. ನನ್ನ ಕೋಣೆಯ ಒಡತಿ, ಬೇಕರಿಯ ಉಬಾಲ್ದಿನಮ್ಮ, ನಿನ್ನೆಯೂ "ಎವಾರಿಸ್ತೊ, ನಿಮ್ಮ ವಯಸ್ಸು ಹೇಳಿದ್ರೆ ಯಾರೂ ನಂಬಲ್ಲ" ಅಂದಳು. ಯಾವ ವಯಸ್ಸು ಹೇಳಿದ್ದೆ ಅಂತ ನೀನು ಕೇಳಬೇಡ. ಅಕ್ಷರ ಇಷ್ಟು ದಪ್ಪಗಿದೆಯಲ್ಲ ಅಂತ ನಗಬೇಡ, ದೊಡ್ಡ ಮನುಷ್ಯರು ದೊಡ್ಡದಾಗಿಯೇ ಬರೆಯುವುದು.

ಈ ಡಿಸೆಂಬರಿನ ಬೇಸಿಗೆ ರಜೆಗೆ ಬರಲಾಗುವುದಿಲ್ಲ, ಹೊಸ ಆವೃತ್ತಿ ಹೊರಗೆ ಬಿಡಬೇಕು, ಮುಂದಿನ ವರ್ಷದ ಬೇಸಿಗೆಗೆ ಖಂಡಿತ ಬರುತ್ತೇನೆ ಅಂತ ಬರೆದಿದ್ದೀಯ. ಆಗಲಿ ಮಗಳೇ. ಕೆಲಸವೆಂದರೆ ಕೆಲಸ. ನಿನ್ನ ಕೆಲಸ ಏನೆಂದು ಈ ಊರಿನಲ್ಲಿ ತಿಳಿದವನು ನಾನೊಬ್ಬನೇ. ಮೊನ್ನೆ ಚೌಕದ ಬೆಂಚಿನಲ್ಲಿ ನಾಲ್ಕು ಜನಕ್ಕೆ ಪಾಠ ಮಾಡಿದೆ. ನೋಡ್ರಪ್ಪ, ದೂರದರ್ಶಕ ತೆಗೆದ ಚಿತ್ರ ಮೊದಲಿಗೆ ಬರೀ ಬೂದಿ ಬಳಿದ ಹಾಗಿರುತ್ತೆ, ಅದನ್ನು ಕಣ್ಣಿಗೆ ಕಾಣೋ ಹಾಗೆ ಮಾಡೋದು ನನ್ನ ಸೊಸೆ, ಅಕ್ಕನ ಮಗಳು. ಅವಳ ಕಂಪ್ಯೂಟರ್ ಪ್ರೋಗ್ರಾಂ ಒಂದೇ ದೊಡ್ಡ ಯಂತ್ರ ಅಲ್ಲ, ಕುದುರೆ ಸಾಮಾನಿದ್ದ ಹಾಗೆ. ಜೀನು ಬೇರೆ, ಲಗಾಮು ಬೇರೆ, ಕಾಲಿಡೋ ರಿಕಾಪು ಬೇರೆ. ಚಿತ್ರ ತೆರೆಯೋದು ಒಂದು ತುಂಡು, ಬೆಳಕು ಏರಿಸೋದು ಒಂದು, ಬಣ್ಣ ಹಾಕೋದು ಒಂದು. ಯಾರಿಗೆ ಯಾವುದು ಬೇಕೋ ಅದನ್ನಷ್ಟೇ ಒಯ್ದು ತಮ್ಮ ಕುದುರೆಗೆ ಕಟ್ಟಿಕೊಳ್ಳಬಹುದು, ಬಿಟ್ಟಿ! ಬೆಟ್ಟದ ಮೇಲೆ ದೂರದರ್ಶಕ ನಡೆಸುವ ನಮ್ಮ ರೊಸಾಮೆಲ್ ಎಲ್ಲ ಕೇಳಿ, "ಲೋ ಬಡಾಯಿ, ಬಿಟ್ಟಿ ಕೊಡೋಳಿಗೆ ಸಂಬಳ ಯಾರೋ ಕೊಡ್ತಾರೆ?" ಅಂದ. ಅಸೂಯೆಗೆ ಉತ್ತರ ಕೊಡಬಾರದು.

ಈಗ ಸುದ್ದಿ. ದೂರದರ್ಶಕದ ಬೆಟ್ಟಕ್ಕೆ ಜನರನ್ನು ಒಯ್ಯುವ ನಮ್ಮಂಥ ಬಸ್ಸು ಚಾಲಕರನ್ನು ಕಂಪನಿ ವರ್ಷವರ್ಷವೂ ಲಾ ಸೆರೆನಾಕ್ಕೆ ಕಣ್ಣು ತೋರಿಸಲು ಕಳಿಸುತ್ತದಲ್ಲ, ಈ ಸಲವೂ ಹೋಗಿದ್ದೆ. ಡಾಕ್ಟರಮ್ಮ ನಿನ್ನ ವಯಸ್ಸಿನವಳು, ಬಲು ಗಂಭೀರ. ನನ್ನ ಕಣ್ಣಿನ ಹಿಂಭಾಗದ ಚಿತ್ರ ತೆಗೆದು ಪರದೆಗೆ ಹಾಕಿದಳು. ಹಾಕಿದಳೋ ಇಲ್ಲವೋ, ಮೂಲೆಯಲ್ಲಿ ಒಂದು ದುಂಡು ಭೂತಗನ್ನಡಿ ಎದ್ದಿತು, ಕಿತ್ತಳೆ ಅಂಚಿನದು. ರೊಸಾಮೆಲ್‌ನ ಪರದೆಯಲ್ಲಿ ನಕ್ಷತ್ರಗಳ ಮೇಲೆ ಓಡಾಡುವುದೂ ಅದೇ! "ಇದು ನನ್ನ ಸೊಸೆ ಮಾಡಿದ್ದು" ಅಂದೆ. "ಎವಾರಿಸ್ತೊ ಅವರೇ, ಅಲ್ಲಾಡಬೇಡಿ" ಅಂದಳು. ನಂಬಲಿಲ್ಲ. ಆಮೇಲೆ ತನ್ನಷ್ಟಕ್ಕೇ, "ಎಲ್ಸಿರ ಹಾಕಿ ನೋಡೋಣ, ಅದರಲ್ಲಿ ಸಣ್ಣಸಣ್ಣ ನರಾನೂ ಕಾಣತ್ತೆ" ಅಂದಳು. ಚಿತ್ರಕ್ಕೆ ಕಪ್ಪುದ್ರಾಕ್ಷಿಯಿಂದ ಹಿಡಿದು ಮಾಗಿದ ಪೀಚಿನ ಸಿಪ್ಪೆಯವರೆಗೆ ಬಣ್ಣ ಹತ್ತಿಕೊಂಡು ಬಂತು. ನನ್ನ ಅಕ್ಕನ ಶಾಲಿನದೇ ಬಣ್ಣ! ಅಲ್ಲ ಕಣೇ ಕಳ್ಳಿ, ನಿಮ್ಮಮ್ಮನ ಹೆಸರನ್ನು ಬಣ್ಣಗಳ ಪಟ್ಟಿಯಲ್ಲಿ ಇಟ್ಟಿದ್ದೀಯ ಅಂತ ನನಗೊಂದು ಮಾತು ಹೇಳಬಾರದಿತ್ತೇ? "ಎಲ್ಸಿರ ಅಂದ್ರೆ ನಮ್ಮಕ್ಕ ತಾಯೀ, ತೀರಿಕೊಂಡು ಆರು ವರ್ಷ ಆಯ್ತು" ಅಂದೆ. ಡಾಕ್ಟರಮ್ಮನ ಕೈ ನಿಂತಿತು. "ಅದು ಬರೀ ಒಂದು ಹೆಸರು ಅಂದ್ಕೊಂಡಿದ್ದೆ" ಅಂದಳು. ಆಮೇಲೆ ನನಗೊಂದು ಲೋಟ ಚಹಾ ತರಿಸಿದಳು. ಬಲು ಗಂಭೀರ ಅಂದೆನಲ್ಲ, ಆ ಮಾತು ವಾಪಸು ತೆಗೆದುಕೊಂಡೆ.

ಮುಂದೆ ಕೇಳು. ಹೋದ ವರ್ಷದ ಚಿತ್ರ, ಈ ವರ್ಷದ ಚಿತ್ರ ಎರಡನ್ನೂ ಒಂದರ ಮೇಲೊಂದಿಟ್ಟು ಕಣ್ಣು ಮಿಟುಕಿಸಿದ ಹಾಗೆ ಬದಲಾಯಿಸತೊಡಗಿದಳು. ಇದು ನನಗೆ ಹೊಸತೇ? ರೊಸಾಮೆಲ್ ಜೊತೆ ಕೂತು ಎಷ್ಟು ಆಡಿದ್ದೇವೆ! ಇದ್ದಲ್ಲೇ ಇರುವ ನಕ್ಷತ್ರ ಅಲ್ಲಾಡುವುದಿಲ್ಲ, ನಡುವೆ ಹೊಸದಾಗಿ ಬಂದ ಚುಕ್ಕಿ ಮಾತ್ರ ಕುಣಿಯುತ್ತದೆ, ಮೊದಲು ಕಂಡವನು "ಸಿಕ್ತು!" ಅನ್ನಬೇಕು. ಗೆಲ್ಲುವವನು ಯಾವಾಗಲೂ ನಾನೇ. ಡಾಕ್ಟರಮ್ಮನ ಪರದೆಯಲ್ಲೂ ನರಗಳೆಲ್ಲ ನಿಂತಲ್ಲೇ ನಿಂತಿದ್ದವು, ನಟ್ಟನಡುವೆ ಒಂದು ಮಚ್ಚೆ ಮಾತ್ರ ಕುಣಿಯುತ್ತಿತ್ತು. ಹಳೆಯ ಚಟ, "ಸಿಕ್ತು!" ಅಂತ ಕೂಗಿಬಿಟ್ಟೆ. ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ಅದು ನನ್ನದೇ ಕಣ್ಣು ಅನ್ನುವುದು ಆಮೇಲೆ ನೆನಪಾಯಿತು.

ಗಾಬರಿಯಾಗಬೇಡ. ನೋವಿಲ್ಲ, ಉರಿಯಿಲ್ಲ. ಔಷಧಿಗೆ ಬಗ್ಗುವ ಜಾತಿಯದಲ್ಲವಂತೆ, ಅಷ್ಟೇ. ಕೆಂಪು ಬಸ್ಸಿನ ಕೀಲಿಯನ್ನು ನಾನೇ ಕೊಟ್ಟು ಬಂದೆ, ಯಾರಿಂದಲೂ ಕೇಳಿಸಿಕೊಳ್ಳಲಿಲ್ಲ. ದೂರದರ್ಶಕಕ್ಕೆ ಬೆಳಕು ತಗಲಬಾರದೆಂದು ಮುಸ್ಸಂಜೆ ದೊಡ್ಡ ದೀಪ ಹಚ್ಚದೆ ಆ ತಿರುವುಗಳನ್ನು ಇಳಿಸಲು ನನ್ನಷ್ಟು ಚೆನ್ನಾಗಿ ಇನ್ನೊಬ್ಬನಿಗೆ ಬರುವುದಿಲ್ಲ, ಅದು ಬೇರೆ ಮಾತು. ಈಗ ಸಂಜೆ ಚಹಾದ ಹೊತ್ತಿಗೆ ಬಸ್ಸು ಬೇಕರಿಯ ಮುಂದೆ ಹಾದುಹೋಗುತ್ತದೆ. ಹೊಸಬ ಮೂರನೇ ಗೇರನ್ನು ಕಿರುಚಿಸುತ್ತಾನೆ. ನಾನು ಬಾಗಿಲಲ್ಲಿ ನಿಂತು ಕೈ ಎತ್ತುತ್ತೇನೆ, ಒಳಗಿನಿಂದ ಯಾರಾದರೂ ಎತ್ತಿದರೋ ಇಲ್ಲವೋ ತಿಳಿಯುವುದಿಲ್ಲ. ರೊಸಾಮೆಲ್ ಹಗಲೆಲ್ಲ ಮಲಗುವವನು, ಭಾನುವಾರ ಬರುತ್ತಾನೆ. ಉಳಿದ ದಿನ ಎರಡು ಬ್ರೆಡ್ಡು ತಂದು ಒಂದನ್ನು ಬೆಳಿಗ್ಗೆಗೆ ಇಡುತ್ತೇನೆ. ರೇಡಿಯೋ ಜೊತೆ ಜಗಳವಾಡುತ್ತೇನೆ. ಅದು ಎದುರು ಮಾತಾಡುವುದಿಲ್ಲ, ಅದೇ ಬೇಜಾರು.

ನೀನು ಚಿಕ್ಕವಳಿದ್ದಾಗ ಮನೆಯ ತಗಡಿನ ಮಾಡಿನ ಮೇಲೆ ಹತ್ತಿಸಿ ನಕ್ಷತ್ರ ತೋರಿಸಿದ್ದು ನಾನೇ ಅನ್ನುವುದನ್ನು ನಿನ್ನ ಮೇಷ್ಟ್ರುಗಳಿಗೆ ಹೇಳಿದ್ದೀಯೋ ಇಲ್ಲವೋ? ಮಂಕು ನಕ್ಷತ್ರ ಕಾಣುತ್ತಿಲ್ಲ ಅಂತ ಅಳುತ್ತಿದ್ದೆ. "ನೇರ ನೋಡಬೇಡ ಪೆದ್ದಿ, ಅದರ ಪಕ್ಕ ನೋಡು, ತಾನಾಗೇ ಕಾಣಿಸ್ಕೊಳ್ಳತ್ತೆ" ಅಂದಿದ್ದೆ. ನಿನ್ನ ವಿದ್ಯೆಯೆಲ್ಲ ಶುರುವಾದದ್ದು ಅಲ್ಲಿಂದ. ಇದನ್ನು ಎಲ್ಲಾದರೂ ಬರೆದಿಡು.

ನಿನ್ನ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ ತಿಳಿಸು, ಜೇನು ತಿಂದವರಿಗೂ. ಉಬಾಲ್ದಿನಮ್ಮ ನಿನ್ನನ್ನು ಕೇಳಿದಳು. ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆ ತಲೆಯಲ್ಲಿ ಮಲಗಬೇಡ. ನಿನ್ನ ಹೊಸ ಆವೃತ್ತಿ ಬೆಟ್ಟದ ಗಾಳಿಯ ಹಾಗೆ ಸಲೀಸಾಗಿ ಓಡಲಿ.

ನಿನ್ನ ಒಬ್ಬನೇ ಮಾವ,
ಎವಾರಿಸ್ತೊ

ಮರೆತಿದ್ದೆ, ಅಂಚೆಯವಳು ಬಾಗಿಲಲ್ಲೇ ನಿಂತಿದ್ದಾಳೆ: ಮೇಲೆ ಬರೆದ "ಆಗಲಿ" ಅನ್ನುವುದನ್ನು ಹೊಡೆದುಹಾಕು. ಡಿಸೆಂಬರಿನಲ್ಲೇ ಬಾ. ನೋಟದ ಅಂಚು ಉಳಿಯುತ್ತದೆ, ನಡುವಿನದು ಮುಂದಿನ ಬೇಸಿಗೆಯವರೆಗೆ ಉಳಿಯಲಿಕ್ಕಿಲ್ಲ ಅಂದಳು ಡಾಕ್ಟರಮ್ಮ. ಮುಖಗಳು ಇರುವುದು ನಡುವೆಯೇ, ಮಗಳೇ. ಬಸ್ಸಿಳಿದಾಗ ನಾನು ನಿನ್ನ ಕಿವಿಯ ಕಡೆಗೋ ಭುಜದ ಆಚೆಗೋ ನೋಡುತ್ತಿದ್ದರೆ, ಮಾವ ಬೇರೆ ಯಾರನ್ನೋ ಹುಡುಕುತ್ತಿದ್ದಾನೆ ಅಂದುಕೊಂಡು ಮುಂದೆ ಹೋಗಿಬಿಡಬೇಡ. ನಿನ್ನನ್ನೇ ನೋಡುತ್ತಿರುತ್ತೇನೆ.