ಬೀರು ಕಂಡರೆ ಹಾಜರಿ, ಮಗು ಕಂಡರೆ ಗೈರು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಐದನೇ ತರಗತಿಯಲ್ಲಿರುವ ನನ್ನ ಅಕ್ಕನ ಮಗಳು ಹೊಸ ಮನೆಯ ಮೆಟ್ಟಿಲ ಕೆಳಗೆ, ಸ್ಕೂಟರುಗಳ ನಡುವೆ, ಒಂದು ಮರದ ಬೀರುವಿಗೆ ಬೆನ್ನು ಕೊಟ್ಟು ಪಾಠ ಕೇಳುತ್ತಿದ್ದಾಳೆ. ಮೇಲೆ ಮನೆಯಲ್ಲಿ ಗಾಳಿ ಬೆಳಕಿನ ಕೋಣೆ ಖಾಲಿ ಬಿದ್ದಿದೆ. ಅಲ್ಲಿ ಕೂತರೆ ಗೈರು, ಇಲ್ಲಿ ಕೂತರೆ ಹಾಜರು. ಇದು ನಿಮ್ಮ ಆದೇಶದ ಫಲ. ಇನ್ನು ಸ್ವಲ್ಪ ದಿನ ಗೈರಾದರೆ ಅವಳು ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ ಎಂಬುದೂ ನಿಮ್ಮದೇ ಆದೇಶ. ಹೊಸ ಕೋಣೆಯ ಫೋಟೊ ಸಮೇತ ನಿಮ್ಮ ಕಚೇರಿಗೆ ಕಳಿಸಿದ ಮನವಿಗೆ ಉತ್ತರವಿಲ್ಲ. ಆದ್ದರಿಂದ ಎಲ್ಲರೂ ಓದುವ ಕಡೆಯೇ ಬರೆಯುತ್ತಿದ್ದೇನೆ.

ಓದುಗರಿಗೂ ವಿಷಯ ತಿಳಿದಿರಲಿ. ಶಾಲೆಯ ಚಾವಣಿ ಬಾಯಿಬಿಟ್ಟಿತು. ದುರಸ್ತಿ ಮುಗಿಯುವ ತನಕ ಫೋನಿನಲ್ಲೇ ಪಾಠ ಎಂದಿರಿ. ಒಪ್ಪಿದೆವು. ಶಿಸ್ತು ತಪ್ಪಬಾರದೆಂದು ಪ್ರತಿ ಮಗುವಿಗೂ ಮನೆಯಲ್ಲಿ ಒಂದು ‘ಕಲಿಕಾ ಮೂಲೆ’ ಇರಬೇಕು, ಅದರ ಫೋಟೊ ಕಳಿಸಬೇಕು, ಪಾಠದ ಹೊತ್ತಿಗೆ ಮಗುವಿನ ಹಿಂದೆ ಅದೇ ಮೂಲೆ ಕಾಣಬೇಕು, ಕಾಣದಿದ್ದರೆ ಗೈರು ಎಂದಿರಿ. ಅದಕ್ಕೂ ಒಪ್ಪಿದೆವು, ಒಪ್ಪುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮೂಲೆ ಬದಲಾದರೆ ಏನು ಗತಿ? ಹೊಸ ಮೂಲೆಯ ಫೋಟೊ ಕಳಿಸಿ, ತಮ್ಮ ಒಪ್ಪಿಗೆ ಬರುವವರೆಗೂ ಹಳೆಯದರಲ್ಲೇ ಕೂರಬೇಕಂತೆ. ಸ್ವಾಮಿ, ಖಾಲಿ ಮಾಡಿದ ಬಾಡಿಗೆ ಮನೆಯಲ್ಲಿ ಕೂರುವುದು ಹೇಗೆ? ಹೊಸದಾಗಿ ಬಂದವರ ಮಂಚದ ಮೇಲೋ? ಸರ್ಕಾರಿ ಚಾವಣಿಗೇ ಇದ್ದಲ್ಲಿ ಇರಲು ಆಗಲಿಲ್ಲ. ಮಗು ಮಾತ್ರ ಅಲುಗಾಡಬಾರದು!

ನಮ್ಮ ಅಕ್ಕ ನರ್ಸು, ಭಾವ ಬಸ್ ಡ್ರೈವರ್. ನಾನು ಸಂಜೆ ಹೊತ್ತು ಪ್ರೆಸ್ಸಿನಲ್ಲಿ ಕರಪತ್ರ ಮಡಿಸುತ್ತೇನೆ. ಮಡಿಸುವ ಮೊದಲು ಓದುತ್ತೇನೆ; ನನ್ನ ವಿದ್ಯಾಭ್ಯಾಸ ಮುಕ್ಕಾಲು ಪಾಲು ಅಲ್ಲೇ ಆದದ್ದು. ಬೆಳಗಿನ ಹೊತ್ತು ಮಕ್ಕಳಿಬ್ಬರೂ ನನ್ನ ಪಾಲು. ಉಪ್ಪು ಕಡಿಮೆಯಾಯಿತೆಂದರೂ ವಾದ ಹೂಡುವ ದೊಡ್ಡವಳು ‘ಲಾಯರಮ್ಮ’. ಒಂದೇ ಸ್ವರದಲ್ಲಿ ಎಷ್ಟು ಹೊತ್ತು ಬೇಕಾದರೂ ಅಳಬಲ್ಲ ಚಿಕ್ಕವಳು ‘ಪಿಟೀಲು’. ಪಿಟೀಲು ಒಂದನೇ ತರಗತಿ. ಆ ತರಗತಿಯವರಿಗೆ ಮಾತ್ರ ಮೂಲೆಯ ನಿಯಮವಿಲ್ಲ. ಆ ವಯಸ್ಸಿನವರು ಒಂದು ಕಡೆ ಕೂರುವುದಿಲ್ಲವೆಂಬುದು ಪುಣ್ಯಕ್ಕೆ ನಿಮಗೂ ಹೊಳೆದಿದೆ.

ಓನರ್ ತಮ್ಮ ಮಗಳಿಗೆಂದು ಮನೆ ಬಿಡಿಸಿಕೊಂಡರು. ಅವರ ಮೇಲೆ ನನ್ನ ದೂರಿಲ್ಲ. ಗಂಟುಮೂಟೆ ಕಟ್ಟುತ್ತಾ ಪಾಠ ಮಾಡಿಸುವುದೆಂದರೇನು ಎಂಬುದು ಮಾತ್ರ ನಿಮಗೆ ತಿಳಿಯಲಿ. ನಾನು ಅಡುಗೆ ಪಾತ್ರೆಗಳ ಪೆಟ್ಟಿಗೆಗೆ ಆಗಷ್ಟೇ ಟೇಪು ಸುತ್ತಿದ್ದೆ. ಅತ್ತ ಪಿಟೀಲಿನ ಟೀಚರ್ ಮುದ್ದಾಗಿ, “ಮಕ್ಕಳೇ, ಮನೆಯಲ್ಲಿರೋ ದುಂಡಗಿನ ವಸ್ತುಗಳನ್ನ ತನ್ನಿ” ಎಂದರು. ನಾನು ತಿರುಗುವಷ್ಟರಲ್ಲಿ ತಟ್ಟೆ, ಮುಚ್ಚಳ, ಜರಡಿ ಎಲ್ಲ ನೆಲದ ಮೇಲಿದ್ದವು.

“ಚಿಕ್ಕಿ, ಸೌಟು ದುಂಡಗಿದ್ಯಾ?”

“ಅರ್ಧ ಮಾತ್ರ ಕಣೇ.”

“ಹಾಗಾದ್ರೆ ಅರ್ಧಾನೇ ತೋರಿಸ್ತೀನಿ.”

ಮರುದಿನ ಚೌಕದ ಸರದಿ. ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳನ್ನೇ ತೋರಿಸಿ ನನ್ನನ್ನು ಉಳಿಸಿದಳು.

ಲಾಯರಮ್ಮನ ಮೂಲೆಯ ಕಥೆ ಬೇರೆ. ಫೋಟೊದಲ್ಲಿ ಅವಳ ಹಿಂದಿರುವುದು ನಡುಮನೆಯ ಮರದ ಬೀರು, ಅದರ ಒಂದು ಬಾಗಿಲಿಗೆ ಅಂಟಿಸಿದ ಪ್ರಪಂಚದ ಭೂಪಟ. ಮನೆಮಂದಿಯ ಬಟ್ಟೆಯೆಲ್ಲ ಅದರೊಳಗೆ. ಪಾಠ ಮುಗಿಯುವ ತನಕ ಯಾರೂ ಬಾಗಿಲು ತೆಗೆಯುವಂತಿಲ್ಲ. ಒಂದು ದಿನ ಭಾವ ನೆಲದ ಮೇಲೆ ತೆವಳಿ ಬಂದು, ಬಾಗಿಲ ಸಂದಿಯಲ್ಲಿ ಕೈ ತೂರಿಸಿದರು.

“ಯಾರಮ್ಮ ಅದು, ಆಫ್ರಿಕಾದಿಂದ ಪ್ಯಾಂಟ್ ಎಳೀತಿರೋದು?” ಎಂದರು ಮಿಸ್.

“ನಮ್ಮಪ್ಪ, ಮಿಸ್. ಡ್ಯೂಟಿಗೆ ಲೇಟಾಗಿದೆ.”

ಸಾಮಾನು ಸಾಗಿಸುವ ಲಾರಿ ಬಂದದ್ದು ಗಣಿತದ ಪಾಠದ ನಡುವೆ. ಹಮಾಲರ ಮೇಸ್ತ್ರಿ ಬೀರುವಿನ ಮೇಲೆ ಕೈಯಿಟ್ಟು, “ಇದು ಮೊದಲು ಹತ್ತಬೇಕಮ್ಮ. ಭಾರದ್ದು ಒಳಗೆ, ಹಗುರದ್ದು ಹೊರಗೆ” ಎಂದರು. ಕ್ಲಾಸು ಮುಗಿಯಲಿ ಅಣ್ಣ ಎಂದು ನಾನು ಗೋಗರೆದೆ. ಇನ್ನೊಂದು ಮನೆಯ ಸಾಮಾನು ಕಾಯುತ್ತಿದೆ ಎಂದರು ಅವರು. ಲಾಯರಮ್ಮ ಎದ್ದು ನಿಂತಳು.

“ನೀವು ಎತ್ತಿ ಅಂಕಲ್. ನಾನು ಅದರ ಮುಂದೇನೇ ನಡೀತೀನಿ. ಭೂಪಟ ಮಾತ್ರ ನನ್ನ ಕಡೆಗಿರ್ಲಿ.”

ನಾನು ಫೋನು ಹಿಡಿದು ಹಿಮ್ಮುಖವಾಗಿ ನಡೆದೆ. ನನ್ನೆದುರು ಅವಳು, ಅವಳ ಹಿಂದೆ ನಾಲ್ವರು ನೆಲದಿಂದ ಗೇಣೆತ್ತರಕ್ಕೆ ನೆಟ್ಟಗೆ ಎತ್ತಿ ಹಿಡಿದ ಬೀರು, ಕೊನೆಯಲ್ಲಿ ದಿಂಬು ಹೊತ್ತ ಪಿಟೀಲು. ಹೊಸ್ತಿಲು ದಾಟಿದೆವು, ಬೀದಿಗಿಳಿದೆವು. ಎದುರುಮನೆಯವರು ಕಿಟಕಿಗೆ ಬಂದರು. ಮಿಸ್ ಭಿನ್ನರಾಶಿಯ ಲೆಕ್ಕ ಕೇಳಿದರು. “ನಿಧಾನ, ನಿಧಾನ! ಮಗು ಯೋಚನೆ ಮಾಡ್ತಿದೆ!” ಎಂದು ಮೇಸ್ತ್ರಿ ಕೂಗಿದರು. ಗೇಟಿನ ಹತ್ತಿರ ಉತ್ತರ ಬಂತು: “ಐದು ಬೈ ಆರು, ಮಿಸ್!” ಸರಿಯಾಗಿತ್ತು.

“ಅದು ಸರಿ, ನಿನ್ನ ಭೂಪಟ ಯಾಕಮ್ಮ ಅಲ್ಲಾಡ್ತಿದೆ?”

“ಭೂಮಿ ತಿರುಗುತ್ತಲ್ಲ ಮಿಸ್.”

ಆ ದಿನ ಹಾಜರಿ ಸಿಕ್ಕಿತು. ಲಾರಿಯ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಗು ಬಂದಿದ್ದರೆ ನೀವೂ ನಕ್ಕುಬಿಡಿ, ಬೇಸರವಿಲ್ಲ. ಮುಂದಿನದಕ್ಕೆ ಮಾತ್ರ ನಗಬೇಡಿ.

ಎಂಥ ಓಣಿಯಲ್ಲೂ ಕೂದಲೆಳೆಯ ಅಂತರದಲ್ಲಿ ಬಸ್ಸು ನುಸುಳಿಸುವ ನಮ್ಮ ಭಾವ, ಹೊಸ ಮನೆಯ ಬಾಗಿಲನ್ನು ಅಳೆದಿದ್ದರು. ಮೆಟ್ಟಿಲು ತಿರುಗುವ ಜಾಗ ಅಳೆಯಲು ಮರೆತಿದ್ದರು. “ಬಸ್ ತಿರುಗಿಸಿದ ಹಾಗಲ್ಲ ಸಾರ್ ಇದು” ಎಂದು ಮೇಸ್ತ್ರಿ ಬೀರುವನ್ನು ಮೆಟ್ಟಿಲ ಕೆಳಗೆ ಇಳಿಸಿ ಹೋದರು. ಮರುದಿನ ಮೇಲಿನ ಕೋಣೆಯ ಗೋಡೆಗೆ ಭೂಪಟ ಅಂಟಿಸಿ ಮಗುವನ್ನು ಕೂರಿಸಿದೆವು. ಮಿಸ್ ದನಿ ತಗ್ಗಿತು. “ನನಗೆ ನೀನು ಚೆನ್ನಾಗಿ ಕಾಣ್ತಿದೀಯ ಪುಟ್ಟಾ. ಆದರೆ ಮೇಲಿನವರಿಗೆ ಬೀರು ಕಾಣ್ಬೇಕಂತೆ.” ಗೈರು.

ಎಲ್ಲದಕ್ಕೂ ವಾದಿಸುವವಳು ಅಂದು ತುಟಿ ಬಿಚ್ಚಲಿಲ್ಲ. ಭೂಪಟವನ್ನು ಹರಿಯದಂತೆ ಬಿಡಿಸಿಕೊಂಡು, ಸುರುಳಿ ಸುತ್ತಿ, ಮೆಟ್ಟಿಲಿಳಿದು ಹೋದಳು. ಈ ಪತ್ರಕ್ಕೆ ಕಾರಣ ಆ ಮೌನ.

ಮಾನ್ಯರೇ, ಕದಲದ ಮೂಲೆ ಯಾರ ಮನೆಯಲ್ಲಿರುತ್ತದೆ? ಸ್ವಂತ ಗೋಡೆ ಇರುವವರ ಮನೆಯಲ್ಲಿ. ಓನರ್ ಹೇಳಿದ ದಿನ ಗಂಟು ಕಟ್ಟುವವರ ಮಕ್ಕಳಿಗೆ ಮೂಲೆಯೆಂಬುದು ಬಂದು ಹೋಗುವ ನೆಂಟ. ಶಿಸ್ತಿನ ಹೆಸರಿನಲ್ಲಿ ನೀವು ಮಾಡಿದ್ದು ಇಷ್ಟೇ: ಮನೆಯಿದ್ದವರ ಮಕ್ಕಳನ್ನು ಒಂದು ಕಡೆ, ಬಾಡಿಗೆಯವರ ಮಕ್ಕಳನ್ನು ಇನ್ನೊಂದು ಕಡೆ ಕೂರಿಸಿದ್ದು. ನೀವು ಬೇಕೆಂದು ಮಾಡಿದಿರಿ ಎನ್ನುವುದಿಲ್ಲ. ಯೋಚಿಸದೆ ಮಾಡಿದಿರಿ; ನನಗೆ ಅದಕ್ಕೇ ಹೆಚ್ಚು ಸಿಟ್ಟು. ನಿಮಗೂ ವರ್ಗಾವಣೆ ಆಗುತ್ತದಲ್ಲವೇ? ಹೊಸ ಕಚೇರಿಯಲ್ಲಿ ನಿಮ್ಮ ಕುರ್ಚಿಯ ಹಿಂದೆ ಹಳೆಯ ಗೋಡೆ ಕಾಣದಿದ್ದರೆ ನಿಮ್ಮನ್ನೂ ಗೈರು ಎಂದು ಬರೆಯೋಣವೇ?

ಮೂಲೆಯ ನಿಯಮ ರದ್ದಾಗಬೇಕು. ಹೆಸರು ಕೂಗಿದಾಗ ಮಗು ಓಗೊಟ್ಟರೆ ಅದೇ ಹಾಜರಿಯಾಗಬೇಕು. ಮೇಲಿನ ಕೋಣೆಯಲ್ಲಿ ಕೂತು ಪಾಠ ಕೇಳಿದ ದಿನವನ್ನು ಅವಳಿಗೆ ಮರಳಿಸಬೇಕು.

ಭಾನುವಾರ ಬಡಗಿ ಬರುತ್ತಾರೆ. ಬೀರುವನ್ನು ಎರಡು ಹೋಳು ಮಾಡಿ ಮೇಲಕ್ಕೆ ಸಾಗಿಸಿ, ಬಟ್ಟೆ ಇಡಲೆಂದು ಒಂದು ಕೋಣೆಯಲ್ಲಿ ಜೋಡಿಸುತ್ತಾರೆ. ಅದು ಮತ್ತೆ ಫೋಟೊದಲ್ಲಿದ್ದಂತೆ ಕಾಣುವುದಿಲ್ಲ. ಗರಗಸದ ವಿಷಯ ಕೇಳಿದ್ದೇ ಲಾಯರಮ್ಮನ ನಾಲಿಗೆಗೆ ಜೀವ ಬಂತು.

“ಚಿಕ್ಕಿ, ಸೋಮವಾರ ನಾನು ಮೇಲಿನ ರೂಮಲ್ಲೇ ಕೂರ್ತೀನಿ. ಬರೀ ಗೋಡೆ ಮುಂದೆ.”

“ಗೈರು ಹಾಕಿದ್ರೆ?”

“ನೀನೇ ಹೇಳು, ನಾನು ಇದೀನಾ ಇಲ್ವಾ?”

“ಇದೀಯ.”

“ಹಾಗಾದ್ರೆ ಅಷ್ಟೇ ಬರಿ ಅವರಿಗೆ.”

ಬರೆದಿದ್ದೇನೆ. ಸೋಮವಾರ ಹೆಸರು ಕೂಗಿಸಿ. ನಿಮಗೂ ಕೇಳಿಸುವಷ್ಟು ಗಟ್ಟಿಯಾಗಿ ಓಗೊಡುತ್ತಾಳೆ.

ಇಂತಿ,
ಸದ್ಯ ಒಂದು ಅಂಗಿ ಬೇಕೆಂದರೂ ಮೆಟ್ಟಿಲಿಳಿಯುತ್ತಿರುವ
ಲಾಯರಮ್ಮನ ಚಿಕ್ಕಮ್ಮ