ಗುಲ್ವಾಡಿ ಮನೆಯ ವೈಫೈ

ನವೆಂಬರ್ 18, ಮಂಗಳವಾರ. ಕುಂದಾಪುರ

ಅಣ್ಣನ ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ.

ನೆಟ್‌ವರ್ಕ್ ಭದ್ರತೆ ಪರೀಕ್ಷಿಸುವುದು ನನ್ನ ಕೆಲಸ. ಲಿನಕ್ಸ್ ಇರುವ ಕಂಪ್ಯೂಟರ್‌ಗೆ ಯಾವ ಯುಎಸ್‌ಬಿ ವೈಫೈ ಅಡಾಪ್ಟರ್ ಒಳ್ಳೆಯದೆಂದು ಉಮಾನಾಥಣ್ಣ ಸಂಜೆ ಬಂದು ಕೇಳಿದಾಗ ಖುಷಿಯೇ ಆಯಿತು. ಕಂಪೆನಿಯ ಹೆಸರು ನೋಡಬೇಡ, ಒಳಗಿನ ಚಿಪ್ ನೋಡು, ಲಿನಕ್ಸ್‌ನಲ್ಲಿ ಅದಕ್ಕೆ ಡ್ರೈವರ್ ತಂತ್ರಾಂಶ ಇರಬೇಕು, ಸುತ್ತಲಿನ ಸಿಗ್ನಲ್‌ಗಳನ್ನೆಲ್ಲ ಹಿಡಿಯುವ ಮಾನಿಟರ್ ಮೋಡ್ ಇರಬೇಕು ಎಂದು ಹೇಳುತ್ತಾ ಹೋದೆ.

"ರಸ್ತಿ ಮೇಲ್ ನಿಂತ್ರೆ ಮನಿ ಒಳ್ಗಿನ್ ವೈಫೈ ಸಿಕ್ಕತ್ತಾ?" ಎಂದ.

"ಯಾರ್ ಮನಿದ್?"

ಅವನು ತಲೆ ಎತ್ತಲಿಲ್ಲ. "ಗುಲ್ವಾಡಿದ್. ಶರ್ಮಿಳಾ ಯಾರ್ ಹತ್ರ ಮಾತಾಡತ್ತ್ ಅಂದೇಳಿ ನಂಗೆ ಗೊತ್ತಾಯ್ಕ್."

ಅವನ ಹೊಡೆತ ತಾಳಲಾರದೆ ಶರ್ಮಿಳಾ ಅತ್ತಿಗೆ ಗುಲ್ವಾಡಿಯ ತವರು ಸೇರಿ ಮೂರು ತಿಂಗಳಾಯಿತು. ಮನೆಯವರ ಒಪ್ಪಿಗೆ ಇಲ್ಲದೆ ಹೀಗೆ ತಿಳಿಯಲು ಹೊರಟರೆ ಅದು ಪರೀಕ್ಷೆಯಲ್ಲ, ಕಳ್ಳತನ ಎಂದೆ.

"ನೀ ನನ್ ತಂಗಿಯಾ, ಅದ್ರ್ ತಂಗಿಯಾ?" ಎಂದವನು ಬಾಗಿಲು ಬಡಿದು ಹೋದ. ಯಾವ ಅಡಾಪ್ಟರ್ ಕೊಳ್ಳಬೇಕೆಂದು ಅಷ್ಟರಲ್ಲಿ ನಾನೇ ಹೇಳಿಯಾಗಿತ್ತು.

ತಕ್ಷಣ ಅತ್ತಿಗೆಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಪಾಸ್‌ವರ್ಡ್ ಬದಲ್ಸ್ತೆ ವಿನಯಾ," ಎಂದರು. "ಬಾಗ್ಲ್ ಬೀಗವೂ ಬದಲ್ಸ್ಕಾ?"

ನನ್ನ ಒಡಹುಟ್ಟಿದವನ ಬಗ್ಗೆ ಕೇಳುತ್ತಿದ್ದರು. ಬದಲ್ಸಿ ಎಂದೆ.